ಬಣವೆಯ ಫೋಟೋ ಮೋನೆಯ ಚಿತ್ರವಾಗಬೇಕೆ? ಕುಂಚದ ಫಿಲ್ಟರ್ ಕೊನೆಗೆ ಇರಲಿ

ಎರಡು ಚಳಿಗಾಲಗಳಿಂದ ಒಂದೇ ಬಗೆಯ ಚಿತ್ರಗಳು ನನ್ನ ಮೊಬೈಲ್‌ಗೆ ಬರುತ್ತಿವೆ. ಇಬ್ಬನಿ ಬಿದ್ದ ಗದ್ದೆ, ನಡುವೆ ಹುಲ್ಲುಬಣವೆ, ಹಿಂದೆ ಅಡಿಕೆ ತೋಟ. ಯಾವುದೋ ಆ್ಯಪ್‌ಗೆ ಹಾಕಿ ಫ್ರೆಂಚ್ ಚಿತ್ರಕಾರ ಮೋನೆಯ ಹೆಸರಿನ ಗುಂಡಿ ಒತ್ತಿರುತ್ತಾರೆ. ಬಂದ ಚಿತ್ರದಲ್ಲಿ ಗದ್ದೆಯ ಅಂಚು, ತೋಟ, ಗುಡ್ಡ ಎಲ್ಲವೂ ಒಂದೇ ಗಿಳಿಹಸಿರು, ಮೇಲೆ ಎಣ್ಣೆ ಚೆಲ್ಲಿದಂಥ ಹೊಳಪು. ‘ಎಲ್ಲಿ ತಪ್ಪಿತು?’ ಎಂದು ಕೇಳುತ್ತಾರೆ.

ತಪ್ಪಿದ್ದು ಕ್ರಮ. ಕುಂಚದ ಗುರುತು ಮೂಡಿಸುವುದು ಈ ಕೆಲಸದ ಕೊನೆಯ ಹಂತ, ಇವರು ಅದನ್ನೇ ಮೊದಲು ಮಾಡಿದ್ದಾರೆ. ಬೆಳಕು ನೆರಳನ್ನು ಹೊಂದಿಸಿ, ಬಣ್ಣ ಬದಲಿಸಿ, ವಿವರ ಕಳೆದು, ಆಮೇಲೆ ಕುಂಚ ಹಿಡಿಯಬೇಕು. ಮಲೆನಾಡಿನ ಫೋಟೋಗಳಿಗೆ ಇನ್ನೊಂದು ತೊಡಕಿದೆ: ನಮ್ಮ ಹಸಿರು. ಇಷ್ಟು ಹಸಿರನ್ನು ಮೋನೆಯೂ ಬಳಿಯಲಿಲ್ಲ, ಜಪಾನಿನ ಮರದಚ್ಚಿನ ಕಲಾವಿದ ಹೊಕುಸಾಯ್ ಕೂಡ ಅಚ್ಚು ಹಾಕಲಿಲ್ಲ. ಅದನ್ನು ಪಳಗಿಸದೆ ಯಾವ ಫಿಲ್ಟರ್ ಒತ್ತಿದರೂ ಫಲವಿಲ್ಲ.

ಮೋನೆಯ ಬಣವೆಯ ಮಾದರಿಯನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ. ಹೊಕುಸಾಯ್ ಮತ್ತು ಡಚ್ ಚಿತ್ರಕಾರ ವ್ಯಾನ್ ಗಾಗ್ ವಿಷಯದಲ್ಲಿ ದಾರಿ ಎಲ್ಲಿ ಕವಲೊಡೆಯುತ್ತದೆ ಎಂಬುದನ್ನಷ್ಟೇ ಹೇಳಿದರೆ ಸಾಕು.

## ಮೊದಲು ಬೇಕಾಗುವುದು

ಕಂಪ್ಯೂಟರ್ ಬೇಕು. ಮೊಬೈಲ್‌ನಲ್ಲಿ ಮಾಸ್ಕ್ (ಚಿತ್ರದ ಯಾವ ಭಾಗ ಕಾಣಬೇಕು, ಯಾವುದು ಮರೆಯಾಗಬೇಕು ಎಂದು ತೋರಿಸುವ ಕಪ್ಪು ಬಿಳುಪು ಮುಸುಕು) ಬರೆಯುವಷ್ಟರಲ್ಲಿ ಬೆರಳು ಸೋಲುತ್ತದೆ. ತಂತ್ರಾಂಶ ಗಿಂಪ್ ಸಾಕು. ಉಚಿತ, ಹಳೆಯ ಯಂತ್ರದಲ್ಲೂ ನಡೆಯುತ್ತದೆ. ಕೆಳಗೆ ಹೇಳುವ ಮೆನುಗಳೆಲ್ಲ ಅದರವೇ. ಫೋಟೋಶಾಪ್ ಇದ್ದವರಿಗೆ ಹೆಚ್ಚಿನವು ಅಲ್ಲೂ ಸಿಗುತ್ತವೆ.

ಎರಡನೆಯದು, ಎದುರಿಗೆ ಇಟ್ಟುಕೊಳ್ಳಲು ಮೂಲ ಚಿತ್ರ. ನೆನಪಿನಿಂದ ಮೋನೆಯನ್ನು ಅನುಕರಿಸಲು ಹೊರಟರೆ ಕ್ಯಾಲೆಂಡರ್‌ನ ಮೋನೆ ಬರುತ್ತಾನೆ. ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಅವನ ಬಣವೆಯ ಚಿತ್ರಗಳು ಆರು ಇವೆ. ಆ ಸಂಗ್ರಹಾಲಯದ ಜಾಲತಾಣದಿಂದಲೇ ದೊಡ್ಡ ಗಾತ್ರದ ಪ್ರತಿಯನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಎಲ್ಲಿಂದಲೋ ಸಿಕ್ಕಿದ ಪ್ರತಿ ಬೇಡ, ಒಂದೊಂದು ಕಡೆ ಒಂದೊಂದು ಬಣ್ಣಕ್ಕೆ ತಿರುಗಿರುತ್ತದೆ.

ಮೂರನೆಯದು ಚಿಕ್ಕ ಎಚ್ಚರಿಕೆ. ಪರದೆಯಲ್ಲಿ ರಾತ್ರಿ ಹೊತ್ತು ತಾನಾಗಿ ಹಳದಿಗೆ ತಿರುಗುವ ವ್ಯವಸ್ಥೆ ಇದ್ದರೆ ಅದನ್ನು ಆರಿಸಿ. ಅದು ಗೊತ್ತಿಲ್ಲದೆ ನಾನು ಒಂದು ರಾತ್ರಿಯೆಲ್ಲ ಕುಳಿತು ನೀಲಿ ಸೇರಿಸಿದ್ದೆ. ಬೆಳಗ್ಗೆ ಚಿತ್ರ ನೋಡಿದ ನೆರೆಮನೆಯವರು, ‘ಇದೇನು, ಗದ್ದೆಗೂ ಮೈಲುತುತ್ತ ಹೊಡೆದಿದ್ದೀರಾ?’ ಎಂದರು.

## ಹಂತ 1: ಫೋಟೋ ನೋಡಿ ಕಲಾವಿದನನ್ನು ಆರಿಸುವುದು

ಇಷ್ಟದ ಕಲಾವಿದನನ್ನು ಮೊದಲೇ ಆರಿಸಿ ಅವನನ್ನು ಯಾವುದೋ ಫೋಟೋಗೆ ತುರುಕುವುದು ಸಾಮಾನ್ಯ ತಪ್ಪು. ಫೋಟೋದಲ್ಲಿ ಏನಿದೆ ಎಂದು ಮೊದಲು ಕೇಳಿಕೊಳ್ಳಿ.

ಓರೆ ಬಿಸಿಲು, ಇಬ್ಬನಿ, ಒಂದೇ ದೊಡ್ಡ ಆಕಾರ ಇದ್ದರೆ ಮೋನೆ. ಕೊಡಚಾದ್ರಿಯ ಮೇಲಿಂದ ಕಾಣುವ ಹಾಗೆ ಒಂದರ ಹಿಂದೊಂದು ಗುಡ್ಡದ ಸಾಲು ಇದ್ದರೆ ಹೊಕುಸಾಯ್. ಕತ್ತಲಲ್ಲಿ ದೀಪ, ದೀಪದ ಕೆಳಗೆ ನೀರು ಇದ್ದರೆ ವ್ಯಾನ್ ಗಾಗ್. ಆಗುಂಬೆಯಲ್ಲಿ ಮುಂಗಾರಿನ ಮೋಡ ರಸ್ತೆಗೇ ಇಳಿದು ಏನೂ ಕಾಣದಂತಾದ ಫೋಟೋವನ್ನು ಅಳಿಸಬೇಡಿ, ಇಂಗ್ಲಿಷ್ ಚಿತ್ರಕಾರ ಟರ್ನರ್‌ಗೆ ಅದೇ ಬೇಕು. ನಡುವೆ ಒಂದಿಷ್ಟು ಹಳದಿ ಬೆಳಕು ತುಂಬಿದರೆ ಅರ್ಧ ಕೆಲಸ ಮುಗಿಯಿತು.

ಯಾರಿಗೂ ಒಗ್ಗದ ಫೋಟೋ ಎಂದರೆ ನಡುಹಗಲಿನ ಅಡಿಕೆ ತೋಟದ ಒಳಗಿನದು. ಸಾವಿರ ಸೋಗೆ, ಸಾವಿರ ಬಿಸಿಲಚುಕ್ಕೆ, ಕಣ್ಣು ನಿಲ್ಲಲು ಜಾಗವಿಲ್ಲ. ಅದರ ಜೊತೆ ಒಂದು ವಾರ ಗುದ್ದಾಡಿ ಕೈಬಿಟ್ಟಿದ್ದೇನೆ.

ಇಲ್ಲಿನ ಮಾದರಿಗೆ ಜನವರಿಯ ಬೆಳಗ್ಗೆ ಏಳೂವರೆಗೆ ತೆಗೆದ ಬಣವೆಯ ಫೋಟೋ ಎಂದುಕೊಳ್ಳೋಣ. ಮೋನೆ 1890–91ರಲ್ಲಿ ಬಣವೆಗಳನ್ನೇ ಸುಮಾರು 25 ಸಲ ಚಿತ್ರಿಸಿದ್ದು ಬೆಳಕು ಬದಲಾಗುತ್ತಿದ್ದ ಕಾರಣಕ್ಕೆ. ನೀವೂ ಅದೇ ಜಾಗದಿಂದ ಒಂಬತ್ತಕ್ಕೆ ಒಂದು, ಸಂಜೆ ಐದಕ್ಕೆ ಒಂದು ತೆಗೆದಿಟ್ಟುಕೊಳ್ಳಿ. ಮಾಡುವುದಾದರೆ ಬೇಗ ಮಾಡಿ, ಬೇಸಗೆಯ ಹೊತ್ತಿಗೆ ಅರ್ಧ ಬಣವೆ ಕೊಟ್ಟಿಗೆ ಸೇರಿರುತ್ತದೆ.

## ಹಂತ 2: ಫೈಲನ್ನು ಸರಿಪಡಿಸಿಕೊಳ್ಳುವುದು

ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಬಂದದ್ದನ್ನು ಬಳಸಬೇಡಿ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಕುಗ್ಗಿಸುತ್ತದೆ. ಅತಿಯಾಗಿ ಕುಗ್ಗಿದ ಚಿತ್ರದ ಮೇಲೆ ಕುಂಚದ ಫಿಲ್ಟರ್ ಹಾಕಿದರೆ ಇಬ್ಬನಿಯ ಜಾಗದಲ್ಲಿ ಆ ಚೌಕಗಳೇ ಎದ್ದು ಹೆಂಚು ಹಾಸಿದಂತೆ ಕಾಣುತ್ತವೆ. ಬೇರೆಯವರ ಫೋಟೋ ಆದರೆ ‘ಡಾಕ್ಯುಮೆಂಟ್’ ರೂಪದಲ್ಲಿ ಕಳುಹಿಸಲು ಹೇಳಿ.

ಗಿಂಪ್‌ನಲ್ಲಿ ತೆರೆದ ಕೂಡಲೇ ‘ಇಮೇಜ್’ ಮೆನುವಿನ ‘ಪ್ರಿಸಿಶನ್’ನಲ್ಲಿ 16 ಬಿಟ್ ಆರಿಸಿ. ಇಲ್ಲವಾದರೆ ಮುಂದೆ ಬಣ್ಣ ಎಳೆದಾಡುವಾಗ ಆಕಾಶದಲ್ಲಿ ಪಟ್ಟೆ ಪಟ್ಟೆ ಕಾಣಿಸಿಕೊಳ್ಳುತ್ತದೆ. ಗಿಂಪ್‌ನದೇ ಆದ ಎಕ್ಸ್‌ಸಿಎಫ್ ರೂಪದಲ್ಲಿ ಉಳಿಸಿ, ಮೂಲ ಲೇಯರ್‌ನ (ಒಂದರ ಮೇಲೊಂದು ಇಡುವ ಚಿತ್ರದ ಪದರ) ನಕಲು ಮಾಡಿ, ನಕಲಿನ ಮೇಲೆ ಮಾತ್ರ ಕೈಯಾಡಿಸಿ.

ಶೇ. 100ಕ್ಕೆ ಹಿಗ್ಗಿಸಿ ಅಡಿಕೆ ಮರಗಳ ತಲೆಯನ್ನು ನೋಡಿ. ಆಕಾಶಕ್ಕೆ ತಾಗುವಲ್ಲಿ ತೆಳ್ಳನೆಯ ಬಿಳಿ ಗೆರೆ ಇದ್ದರೆ ಮೊಬೈಲ್ ತಾನಾಗಿಯೇ ಚಿತ್ರವನ್ನು ಅತಿಯಾಗಿ ಚೂಪು ಮಾಡಿದೆ ಎಂದು ಅರ್ಥ. ಕುಂಚದ ಫಿಲ್ಟರ್ ಆ ಗೆರೆಯನ್ನು ದಪ್ಪ ಮಾಡುತ್ತದೆ, ಪ್ರತಿ ಮರಕ್ಕೂ ಸುಣ್ಣದ ಅಂಚು ಕಟ್ಟಿದಂತಾಗುತ್ತದೆ. ಕ್ಲೋನ್ ಟೂಲ್‌ನ ಮೋಡ್ ‘ಡಾರ್ಕನ್ ಓನ್ಲಿ’ಗೆ ಇಟ್ಟು, ಪಕ್ಕದ ಆಕಾಶವನ್ನು ಎತ್ತಿ ಗೆರೆಯ ಮೇಲೆ ಬಳಿಯಿರಿ. ಮುಂದಿನ ಸಲ ಫೋಟೋ ತೆಗೆಯುವಾಗ ಮೊಬೈಲ್‌ನ ರಾ ರೂಪ (ಮೊಬೈಲ್ ತಿದ್ದದ ಕಚ್ಚಾ ಫೈಲ್) ಬಳಸಿದರೆ ಈ ಕಷ್ಟವೇ ಇರುವುದಿಲ್ಲ.

## ಹಂತ 3: ತಂತಿ, ಕಂಬ, ಫಲಕ ತೆಗೆಯುವುದು

ಈ ಕೆಲಸ ಈಗಲೇ ಮುಗಿಯಬೇಕು. ವಿದ್ಯುತ್ ತಂತಿಗೆ ಕುಂಚದ ಗೀಟು ಬಿದ್ದ ಮೇಲೆ ಅದನ್ನು ಅಳಿಸುವುದು ನರಕ. ಹೀಲ್ ಟೂಲ್‌ನಿಂದ ಚಿಕ್ಕ ಚಿಕ್ಕ ತುಂಡುಗಳಾಗಿ ಅಳಿಸಿ. ಗದ್ದೆಯಲ್ಲಿ ಹಾರಿ ಬಿದ್ದ ನೀಲಿ ಪ್ಲಾಸ್ಟಿಕ್ ಚೀಲ, ತೋಟದ ಬೇಲಿಗೆ ಕಟ್ಟಿದ ಹಸಿರು ಬಲೆ ಕೂಡ ಹೋಗಲಿ. ಹೆಂಚಿನ ಮನೆಯಿದ್ದರೆ ಮುಟ್ಟಬೇಡಿ; ಆ ಕೆಂಪು ಮುಂದೆ ಕೆಲಸಕ್ಕೆ ಬರುತ್ತದೆ.

## ಹಂತ 4: ಬೆಳಕು ನೆರಳು

ಮೋನೆಯ ಬಣವೆಯನ್ನು ಕಣ್ಣು ಕಿರಿದು ಮಾಡಿ ನೋಡಿ. ಕಪ್ಪು ಎಲ್ಲೂ ಇಲ್ಲ. ತೀರ ಗಾಢವಾದ ಜಾಗವೂ ನೇರಳೆ ಇಲ್ಲವೇ ಕಂದುಗೆಂಪು. ನಮ್ಮ ಫೋಟೋದಲ್ಲಾದರೆ ಬಣವೆಯ ಬುಡ, ತೋಟದ ಒಳಗು ಮಸಿಯಂತೆ ಕಪ್ಪಗಿರುತ್ತವೆ.

‘ಕಲರ್ಸ್’ ಮೆನುವಿನ ‘ಕರ್ವ್ಸ್’ ತೆರೆದು, ಎಡಗಡೆಯ ಕೆಳತುದಿಯನ್ನು ನೇರ ಮೇಲೆತ್ತಿ. 255ರ ಅಳತೆಯಲ್ಲಿ 35ರಿಂದ 45 ಸಾಕು. ಬಲಗಡೆಯ ಮೇಲ್ತುದಿಯನ್ನು 245ಕ್ಕೆ ಇಳಿಸಿ. ಚಿತ್ರ ಮಂಕಾಯಿತು ಎಂದು ಹೆದರಿ ಎಲ್ಲರೂ ಇಲ್ಲಿಯೇ ಹಿಂದೆ ಸರಿಯುತ್ತಾರೆ. ಈ ಹಂತದಲ್ಲಿ ಅದು ಮಂಕಾಗಿರಲೇಬೇಕು. ಕಳೆದ ಕಾಂತಿಯನ್ನು ಬಣ್ಣ ತುಂಬಿಕೊಡುತ್ತದೆ, ಇನ್ನೂ ಎರಡು ಹಂತ ತಾಳಿ.

ಪರೀಕ್ಷೆಗೆ ಒಂದು ನಕಲು ಲೇಯರನ್ನು ಕಪ್ಪು ಬಿಳುಪು ಮಾಡಿ ನೋಡಿ. ಬಣವೆ, ಗದ್ದೆ, ತೋಟ, ಆಕಾಶ ನಾಲ್ಕೂ ನಾಲ್ಕು ಬೇರೆ ಬೇರೆ ಬೂದು ಬಣ್ಣಗಳಾಗಿ ಕಾಣಬೇಕು. ಬಣವೆಯೂ ಗದ್ದೆಯೂ ಒಂದೇ ಬೂದು ಬಣ್ಣದಲ್ಲಿ ಕರಗಿದ್ದರೆ ಗದ್ದೆಯನ್ನು ಮಾಸ್ಕ್ ಮೂಲಕ ತುಸು ಬೆಳಗಿಸಿ. ನೋಡಿಯಾದ ಮೇಲೆ ಈ ಲೇಯರನ್ನು ಅಳಿಸಿಬಿಡಿ.

## ಹಂತ 5: ಹಸಿರು ಪಳಗಿಸುವುದು

ಮುಕ್ಕಾಲು ಪಾಲು ಜನ ಸೋಲುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಹೋಗೋಣ.

‘ಕಲರ್ಸ್’ನಲ್ಲಿ ‘ಹ್ಯೂ-ಸ್ಯಾಚುರೇಶನ್’ ತೆರೆಯಿರಿ. ಹ್ಯೂ ಎಂದರೆ ಬಣ್ಣದ ಬಗೆ, ಸ್ಯಾಚುರೇಶನ್ ಎಂದರೆ ಅದರ ತೀವ್ರತೆ. ವೃತ್ತಾಕಾರದಲ್ಲಿ ಆರು ಬಣ್ಣಗಳ ಗುಂಡಿಗಳಿವೆ. ಎಲ್ಲರೂ ಹಸಿರಿನ ಗುಂಡಿ ಒತ್ತಿ ಸ್ಯಾಚುರೇಶನ್ ಇಳಿಸುತ್ತಾರೆ, ಹೆಚ್ಚೇನೂ ಆಗುವುದಿಲ್ಲ. ಕಾರಣ ಸರಳ: ಕಣ್ಣಿಗೆ ಹಸಿರು ಎನಿಸುವ ಎಲೆ, ಹುಲ್ಲುಗಳ ಬಹುಪಾಲು ಫೋಟೋದಲ್ಲಿ ಹಳದಿ ಮತ್ತು ಹಸಿರಿನ ನಡುವೆ, ಹಳದಿಯ ಕಡೆಗೇ ವಾಲಿ ಕುಳಿತಿರುತ್ತದೆ. ಎಳೆಯ ಪೈರಂತೂ ಸರಿಸುಮಾರು ಹಳದಿಯೇ. ಹಾಗಾಗಿ ಹಳದಿಯ ಗುಂಡಿಯನ್ನೂ ಒತ್ತಿ ಅದನ್ನೂ ಸರಿಸಬೇಕು. ಪಕ್ಕದ ‘ಓವರ್‌ಲ್ಯಾಪ್’ ಪಟ್ಟಿಯನ್ನು 50ರ ಆಸುಪಾಸಿಗೆ ಏರಿಸಿ, ಎರಡು ಬಣ್ಣಗಳ ನಡುವಿನ ಗಡಿ ಮೆತ್ತಗಾಗುತ್ತದೆ. ಅದನ್ನು ಏರಿಸದಿದ್ದರೆ ಒಂದೇ ಮರದಲ್ಲಿ ಅರ್ಧ ಎಲೆ ಬೂದು, ಅರ್ಧ ಎಲೆ ಹಸಿರಾಗಿ ತೇಪೆ ಹಾಕಿದಂತಾಗುತ್ತದೆ.

ಇನ್ನು ಎಷ್ಟು, ಎತ್ತ ಎಂಬ ಪ್ರಶ್ನೆ. ಹಸಿರನ್ನೆಲ್ಲ ಒಂದೇ ಕಡೆಗೆ ತಳ್ಳಬೇಡಿ. ಲೇಯರನ್ನು ಎರಡು ನಕಲು ಮಾಡಿಕೊಳ್ಳಿ, ಒಂದು ಹತ್ತಿರಕ್ಕೆ, ಒಂದು ದೂರಕ್ಕೆ.

ಹತ್ತಿರದ ಲೇಯರ್‌ನಲ್ಲಿ ಹಸಿರಿನ ಹ್ಯೂ ಮೈನಸ್ 15ರಿಂದ ಮೈನಸ್ 25. ಅದು ಹಳದಿಯತ್ತ, ಒಣಹುಲ್ಲಿನತ್ತ ವಾಲುತ್ತದೆ. ಹಸಿರು, ಹಳದಿ ಎರಡರ ಸ್ಯಾಚುರೇಶನನ್ನೂ 25ರಷ್ಟು ಇಳಿಸಿ.

ದೂರದ ತೋಟ, ಗುಡ್ಡಗಳ ಲೇಯರ್‌ನಲ್ಲಿ ಹ್ಯೂ ಪ್ಲಸ್ 20ರಿಂದ 30. ಇದು ನೀಲಿಯತ್ತ ಹೋಗುತ್ತದೆ. ಸ್ಯಾಚುರೇಶನ್ 45ರಷ್ಟು ಕೆಳಗೆ, ಲೈಟ್‌ನೆಸ್ 8ರಿಂದ 10 ಮೇಲೆ. ಗುಡ್ಡ ಇಬ್ಬನಿಯ ಹಿಂದೆ ಸರಿದಂತೆ ಕಾಣಬೇಕು.

ಮೇಲಿನ ಲೇಯರ್‌ಗೆ ಕಪ್ಪು ಮಾಸ್ಕ್ ಹಾಕಿ, ಮೆತ್ತನೆಯ ಅಂಚಿನ ದೊಡ್ಡ ಬ್ರಷ್‌ನಿಂದ ಬೇಕಾದ ಜಾಗದಲ್ಲಿ ಬಿಳಿ ಬಳಿಯಿರಿ. ಗಡಿ ಎಲ್ಲಿರಬೇಕು ಎಂದರೆ, ಗದ್ದೆ ಮುಗಿದು ತೋಟ ಶುರುವಾಗುವಲ್ಲಿ. ಅಲ್ಲಿ ಹೇಗೂ ಅಗಳವೋ ಬೇಲಿಯೋ ಇರುತ್ತದೆ, ಗಡಿ ಅದರಲ್ಲಿ ಮುಚ್ಚಿಹೋಗುತ್ತದೆ. ಎರಡನ್ನೂ ನೋಡಿ ಒಪ್ಪಿಗೆಯಾದ ಮೇಲೆ ಒಂದೇ ಲೇಯರಾಗಿ ಕೂಡಿಸಿ. ಮುಂದಿನ ಹಂತಗಳು ಅದರ ಮೇಲೆ ನಡೆಯುತ್ತವೆ.

ಎಚ್ಚರಿಕೆಯ ಚಿಹ್ನೆಗಳು ಎರಡು. ಬಣವೆಯೂ ಬೂದು ಬಣ್ಣಕ್ಕೆ ತಿರುಗಿದರೆ ಹಳದಿಯನ್ನು ಅತಿಯಾಗಿ ಇಳಿಸಿದ್ದೀರಿ. ಮಾಸ್ಕ್‌ನಲ್ಲಿ ಬಣವೆಯನ್ನು ಹೊರಗಿಡಿ. ತೋಟ ರೋಗ ಬಂದಂತೆ ಕಂದಾಗಿ ಕಂಡರೆ ಹ್ಯೂವನ್ನು ಮೈನಸ್ ಕಡೆಗೆ ತೀರ ದೂರ ಎಳೆದಿದ್ದೀರಿ. ಮಲೆನಾಡಿನ ನೋಡುಗರಿಗೆ ಅದು ಮೋನೆಯಾಗಿ ಕಾಣುವುದಿಲ್ಲ, ಎಲೆಚುಕ್ಕಿ ರೋಗವಾಗಿ ಕಾಣುತ್ತದೆ.

## ಹಂತ 6: ನೆರಳಿಗೆ ನೇರಳೆ

‘ಕಲರ್ ಬ್ಯಾಲೆನ್ಸ್’ ತೆರೆದು, ಮೊದಲು ‘ಶ್ಯಾಡೋಸ್’ ಆರಿಸಿ: ನೀಲಿ ಪ್ಲಸ್ 20, ಕೆಂಪು ಪ್ಲಸ್ 8. ಆಮೇಲೆ ‘ಹೈಲೈಟ್ಸ್’: ಹಳದಿಯತ್ತ 15, ಕೆಂಪು ಪ್ಲಸ್ 5. ‘ಪ್ರಿಸರ್ವ್ ಲ್ಯುಮಿನಾಸಿಟಿ’ಗೆ ಗುರುತು ಇರಲಿ. ಬಿಸಿಲಿಗೆ ಹಳದಿ, ನೆರಳಿಗೆ ಅದರ ಎದುರಿನ ನೇರಳೆ; ನಾಲ್ಕನೇ ಹಂತದಲ್ಲಿ ಕಳೆದ ಕಾಂತಿ ಈ ಎದುರುಬದುರಿನಿಂದ ಮರಳುತ್ತದೆ. ಕಪ್ಪನ್ನು ಮೇಲೆತ್ತದೆ ಇಲ್ಲಿಗೆ ನೇರ ಬಂದವರಿಗೆ ನೇರಳೆ ಕಾಣುವುದೇ ಇಲ್ಲ, ಕಪ್ಪಿನೊಳಗೆ ಯಾವ ಬಣ್ಣವೂ ಕಾಣದು.

ಸಂಖ್ಯೆಗಳನ್ನು ಕಣ್ಣು ಮುಚ್ಚಿ ನಂಬಬೇಡಿ. ಕಲರ್ ಪಿಕರ್‌ನಲ್ಲಿ ‘ಸ್ಯಾಂಪಲ್ ಆ್ಯವರೇಜ್’ಗೆ ಗುರುತು ಹಾಕಿ, ಮೂಲ ಚಿತ್ರದ ಬಣವೆಯ ನೆರಳಿನ ಮೇಲೆ ಒತ್ತಿ, ಬಳಿಕ ನಿಮ್ಮ ಬಣವೆಯ ನೆರಳಿನ ಮೇಲೆ ಒತ್ತಿ. ಎರಡು ಬಣ್ಣಗಳೂ ಅಕ್ಕಪಕ್ಕದಲ್ಲಿ ಅಣ್ಣತಮ್ಮಂದಿರಂತೆ ಕಂಡರೆ ಸಾಕು, ಅವಳಿಗಳಾಗಬೇಕಿಲ್ಲ.

ಹೆಂಚಿನ ಮನೆಯನ್ನು ಉಳಿಸಿಕೊಳ್ಳಲು ಹೇಳಿದ್ದು ಈ ಕಾರಣಕ್ಕೆ: ನೀಲಿಗೆ ತಿರುಗಿದ ತೋಟದ ನಡುವೆ ಒಂದು ಬೆರಳಿನಷ್ಟು ಕಿತ್ತಳೆಗೆಂಪು ಇದ್ದರೆ ಇಡೀ ಚಿತ್ರ ಎಚ್ಚರಗೊಳ್ಳುತ್ತದೆ. ಮನೆಯಿಲ್ಲದಿದ್ದರೆ ಬಣವೆಯ ಬಿಸಿಲಿನ ಅಂಚಿಗೆ ಅದೇ ಬಣ್ಣವನ್ನು ತೆಳ್ಳಗೆ ಬಳಿಯಿರಿ.

## ಹಂತ 7: ವಿವರ ಕಳೆಯುವುದು

ಕ್ಯಾಮೆರಾ ಪ್ರತಿ ಸೋಗೆಯನ್ನೂ ಎಣಿಸುತ್ತದೆ, ಚಿತ್ರಕಾರ ಎಣಿಸುವುದಿಲ್ಲ. ‘ಫಿಲ್ಟರ್ಸ್’ ಮೆನುವಿನ ‘ಬ್ಲರ್’ ಒಳಗೆ ‘ಸೆಲೆಕ್ಟಿವ್ ಗೌಸಿಯನ್ ಬ್ಲರ್’ ಇದೆ. 4000 ಪಿಕ್ಸೆಲ್ ಅಗಲದ ಚಿತ್ರಕ್ಕೆ ರೇಡಿಯಸ್ 12, ‘ಮ್ಯಾಕ್ಸ್ ಡೆಲ್ಟಾ’ 0.12ರಿಂದ ಶುರು ಮಾಡಿ. ಇದು ಸಣ್ಣ ವಿವರವನ್ನು ಕರಗಿಸಿ ದೊಡ್ಡ ಅಂಚುಗಳನ್ನು ಉಳಿಸುತ್ತದೆ. ಹಳೆಯ ಕಂಪ್ಯೂಟರ್ ಆದರೆ ಒಂದು ಕಾಫಿ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತದೆ.

ಬಣವೆಯ ಆಕಾರದ ಗೆರೆ ಮಾತ್ರ ಕರಗಬಾರದು. ಕರಗಿದರೆ ಡೆಲ್ಟಾ ಇಳಿಸಿ.

## ಹಂತ 8: ಈಗ ಕುಂಚ

ಕುಂಚದ ಗಾತ್ರವನ್ನು ಅಂದಾಜಿನಲ್ಲಿ ಇಟ್ಟರೆ ಕೆಡುತ್ತದೆ, ಸಣ್ಣ ಲೆಕ್ಕವೊಂದು ಬೇಕು. ಮೋನೆಯ ಬಣವೆಯ ಹಲವು ಚಿತ್ರಗಳು ಒಂದು ಮೀಟರ್‌ನಷ್ಟು ಅಗಲ. ನಿಮ್ಮ ಫೋಟೋ 4000 ಪಿಕ್ಸೆಲ್ ಅಗಲವಿದ್ದರೆ ಮೂಲದ ಒಂದು ಸೆಂಟಿಮೀಟರ್ ಇಲ್ಲಿ 40 ಪಿಕ್ಸೆಲ್. ಅರ್ಧದಿಂದ ಒಂದು ಸೆಂಟಿಮೀಟರ್ ಅಗಲದ ಗೀಟು ಬೇಕೆಂದರೆ 20ರಿಂದ 40 ಪಿಕ್ಸೆಲ್. ಆ್ಯಪ್‌ಗಳು ಕೊಡುವ ಗೀಟು ಒಮ್ಮೊಮ್ಮೆ ಇದರ ಮೂರು ಪಟ್ಟು ಇರುತ್ತದೆ. ಬಣವೆ ಅಂಗೈಯಗಲದ ಕುಂಚದಿಂದ ಗೋಡೆಗೆ ಬಣ್ಣ ಹೊಡೆದಂತೆ ಕಾಣುವುದು ಅದಕ್ಕೇ.

‘ಫಿಲ್ಟರ್ಸ್’ನ ‘ಆರ್ಟಿಸ್ಟಿಕ್’ ಒಳಗೆ ‘ಆಯಿಲಿಫೈ’ ಇದೆ. ಮೂರು ನಕಲು ಲೇಯರ್ ಮಾಡಿ. ಈ ಫಿಲ್ಟರ್‌ನ ‘ಮಾಸ್ಕ್ ರೇಡಿಯಸ್’ (ಮಚ್ಚೆಯ ಗಾತ್ರ) ಆಕಾಶಕ್ಕೆ 14, ತೋಟ ಮತ್ತು ಗುಡ್ಡಕ್ಕೆ 10, ಬಣವೆ ಮತ್ತು ಮುಂದಿನ ಗದ್ದೆಗೆ 6. ಮಾಸ್ಕ್‌ಗಳಿಂದ ಮೂರನ್ನೂ ಜೋಡಿಸಿ. ಇಡೀ ಚಿತ್ರಕ್ಕೆ ಒಂದೇ ಗಾತ್ರ ಕೊಟ್ಟರೆ ದೂರ ಹತ್ತಿರದ ಭೇದ ಅಳಿದುಹೋಗುತ್ತದೆ.

ಆಯಿಲಿಫೈ ಬಣ್ಣದ ಮಚ್ಚೆಗಳನ್ನು ಕೊಡುತ್ತದೆ, ಗೀಟಿಗೆ ದಿಕ್ಕು ಕೊಡುವುದಿಲ್ಲ. ದಿಕ್ಕು ಕೊಡಬೇಕಾದವರು ನೀವು. ಸ್ಮಜ್ ಟೂಲ್ ಹಿಡಿದು, ಒರಟು ಅಂಚಿನ ಬ್ರಷ್ ಆರಿಸಿ, 30 ಪಿಕ್ಸೆಲ್ ಗಾತ್ರ, ‘ರೇಟ್’ 40ರಿಂದ 50. ಬಣವೆಯ ಮೇಲೆ ಹುಲ್ಲು ಬಾಗಿ ಇಳಿದ ದಿಕ್ಕಿನಲ್ಲಿ ಚಿಕ್ಕ ಗೀಟುಗಳು, ಗದ್ದೆಯಲ್ಲಿ ಅಡ್ಡಕ್ಕೆ, ಆಕಾಶದಲ್ಲಿ ಇಬ್ಬನಿ ಎದ್ದ ಓರೆಯಲ್ಲಿ. ಬಣವೆ ಒಟ್ಟುವುದನ್ನು ನೋಡಿದವರಿಗೆ ಈ ದಿಕ್ಕು ಕೈಗೇ ಗೊತ್ತಿರುತ್ತದೆ. ಒಂದು ಗಂಟೆಯಾದರೂ ಹಿಡಿಯುವ ಕೆಲಸ. ಅವಸರದವರು ಇದನ್ನು ಬಿಟ್ಟುಬಿಡುತ್ತಾರೆ, ಅವರ ಚಿತ್ರ ಮತ್ತೆ ಆ್ಯಪ್‌ನದಂತೆಯೇ ಇರುತ್ತದೆ.

ಆಗಾಗ ಚಿತ್ರವನ್ನು ಬೆಂಕಿಪೊಟ್ಟಣದಷ್ಟು ಚಿಕ್ಕದು ಮಾಡಿ ಮೂಲದ ಪಕ್ಕ ಇಟ್ಟು ನೋಡಿ. ಚಿಕ್ಕದಾಗಿದ್ದಾಗ ಗೀಟುಗಳು ಕಾಣುವುದಿಲ್ಲ. ಆಗಲೂ ಮೋನೆ ಎನಿಸದಿದ್ದರೆ ತಪ್ಪು ನಾಲ್ಕರಿಂದ ಆರನೇ ಹಂತದೊಳಗೆ ಇದೆ, ಇಲ್ಲಿಲ್ಲ. ಹಿಂದಕ್ಕೆ ಹೋಗಿ.

## ಕೊಡಚಾದ್ರಿಯೂ ಹೊಕುಸಾಯ್‌ಯೂ: ದಾರಿ ಬೇರೆಯಾಗುವುದೆಲ್ಲಿ

ಇಲ್ಲಿ ಕುಂಚವೇ ಇಲ್ಲ. ಮರದ ಅಚ್ಚು, ಚಪ್ಪಟೆ ಬಣ್ಣ. ಮೂರನೇ ಹಂತದ ನಂತರ ದಾರಿ ಬೇರೆ.

‘ಪೋಸ್ಟರೈಸ್’ ಒತ್ತುವುದು ಎಲ್ಲರ ಮೊದಲ ತಪ್ಪು. ಅದು ಕೆಂಪು, ಹಸಿರು, ನೀಲಿ ವಾಹಿನಿಗಳನ್ನು (ಚಾನೆಲ್) ಬೇರೆ ಬೇರೆಯಾಗಿ ಕತ್ತರಿಸುತ್ತದೆ. ನಾಲ್ಕು ಮಟ್ಟ ಎಂದರೆ ನಾಲ್ಕು ಬಣ್ಣವಲ್ಲ, 64ರವರೆಗೂ ಆಗಬಹುದು. ಮಂಜಿನಲ್ಲಿ ಗುಲಾಬಿ, ಹಸಿರು ಕಲೆಗಳು ಏಳುವುದು ಇದರಿಂದಲೇ. ಅದರ ಬದಲು ಕೈಯಿಂದ ಕತ್ತರಿಸಿ: ಪಾತ್ಸ್ ಟೂಲ್‌ನಿಂದ ಪ್ರತಿ ಗುಡ್ಡದ ನೆತ್ತಿಯ ಗೆರೆಯನ್ನು ಎಳೆದು, ಅದನ್ನು ಆಯ್ಕೆಯಾಗಿ (ಸೆಲೆಕ್ಷನ್) ಬದಲಿಸಿ, ಹೊಸ ಲೇಯರ್‌ನಲ್ಲಿ ಒಂದೇ ಬಣ್ಣ ತುಂಬಿ. ಐದು ಸಾಲಿಗೆ ಐದು ಲೇಯರ್. ಹತ್ತಿರದ್ದು ಕಡುನೀಲಿ, ಹಿಂದೆ ಹೋದಂತೆ ತಿಳಿ. ಹಸಿರು ಬೇಕೇ ಬೇಕೆಂದರೆ ಮುಂದಿನ ಒಂದು ಸಾಲಿಗೆ ಮಾತ್ರ, ಅದೂ ಪಾಚಿಯ ಮಂಕು ಹಸಿರು.

ಆಕಾಶದ ಮೇಲಂಚಿನಲ್ಲಿ ಗಾಢವಾಗಿ ಶುರುವಾಗಿ ಕೆಳಗೆ ಬರುತ್ತ ಕರಗುವ ನೀಲಿ ಪಟ್ಟಿ ಇರಬೇಕು. ಅಚ್ಚಿನ ಮೇಲಿನ ಬಣ್ಣವನ್ನು ಒರೆಸಿ ಮಾಡುತ್ತಿದ್ದ ಆ ತಂತ್ರಕ್ಕೆ ಜಪಾನಿನಲ್ಲಿ ಬೊಕಾಶಿ ಎನ್ನುತ್ತಾರೆ. ನಮಗೆ ಗ್ರೇಡಿಯಂಟ್ ಟೂಲ್ ಸಾಕು. ಹೊರಗೆರೆಯನ್ನು ಕಪ್ಪಿನಲ್ಲಿ ಎಳೆಯಬೇಡಿ. ಫ್ಯೂಜಿ ಪರ್ವತದ ಸರಣಿಯಲ್ಲಿ ಮೊದಲ 36 ಚಿತ್ರಗಳ ಹೊರಗೆರೆ ಪ್ರಶ್ಯನ್ ನೀಲಿಯದು, ಕಪ್ಪು ಗೆರೆ ಬಂದದ್ದು ಆಮೇಲೆ ಸೇರಿದ ಹತ್ತರಲ್ಲಿ. ಪಾತ್ ಮೇಲೆಯೇ 4 ಪಿಕ್ಸೆಲ್ ಸ್ಟ್ರೋಕ್ ಕೊಟ್ಟರೆ ಗೆರೆ ಬರುತ್ತದೆ, ಆದರೆ ಒಂದೇ ದಪ್ಪ ಬಂದು ನಿರ್ಜೀವವಾಗಿರುತ್ತದೆ. ಅಲ್ಲಲ್ಲಿ ರಬ್ಬರಿನಿಂದ ತೆಳು ಮಾಡಿ.

## ತೆಪ್ಪೋತ್ಸವದ ರಾತ್ರಿ, ವ್ಯಾನ್ ಗಾಗ್

ತೀರ್ಥಹಳ್ಳಿಯ ಎಳ್ಳಮವಾಸ್ಯೆಯ ತೆಪ್ಪೋತ್ಸವದಲ್ಲಿ ತುಂಗೆಯ ನೀರಿನ ಮೇಲೆ ದೀಪಗಳು ಉದ್ದಕ್ಕೆ ಇಳಿಯುತ್ತವಲ್ಲ, 1888ರಲ್ಲಿ ವ್ಯಾನ್ ಗಾಗ್ ರೋನ್ ನದಿಯ ದಡದಲ್ಲಿ ಚಿತ್ರಿಸಿದ್ದು ಅಂಥದೇ ನೋಟ. ಇಲ್ಲಿ ಹಸಿರಿನ ತೊಂದರೆಯಿಲ್ಲ, ಕಾಳು ಕಾಳಾದ ‘ನಾಯ್ಸ್’ನದು ಇದೆ. ಕತ್ತಲಿನ ಫೋಟೋದಲ್ಲಿ ಚದುರಿದ ಬಣ್ಣದ ಕಾಳುಗಳನ್ನು ಮೊದಲು ‘ನಾಯ್ಸ್ ರಿಡಕ್ಷನ್’ನಿಂದ ತೆಗೆಯಿರಿ. ಬಿಟ್ಟರೆ ಫಿಲ್ಟರ್ ಪ್ರತಿ ಕಾಳನ್ನೂ ನಕ್ಷತ್ರ ಮಾಡುತ್ತದೆ.

ಕಪ್ಪು ಆಕಾಶವನ್ನು ಕಡುನೀಲಿಗೆ ಎತ್ತಿ. ಕರ್ವ್ಸ್‌ನಲ್ಲಿ ನೀಲಿ ವಾಹಿನಿಯ ಎಡ ಕೆಳತುದಿಯನ್ನು 60ರವರೆಗೆ. ಆಮೇಲೆ ಪೂರ್ತಿ ಸ್ಮಜ್ ಟೂಲ್‌ನ ಕೆಲಸ. ಆ ಚಿತ್ರ 92 ಸೆಂಟಿಮೀಟರ್ ಅಗಲ, ಗೀಟುಗಳು ದಪ್ಪ. 50 ಪಿಕ್ಸೆಲ್‌ನಷ್ಟು ಇಡಿ. ನೀರಿನಲ್ಲಿ ದೀಪದ ಕಂಬ ಉದ್ದಕ್ಕೆ ಇಳಿದರೂ ಅದರೊಳಗಿನ ಗೀಟುಗಳು ಅಡ್ಡಡ್ಡ ಇರಬೇಕು. ಉದ್ದಕ್ಕೆ ಎಳೆದರೆ ನೀರು ನೀರಾಗಿ ಉಳಿಯುವುದಿಲ್ಲ, ಬಣ್ಣ ಸೋರಿದ ಗೋಡೆಯಾಗುತ್ತದೆ.

ಎಲ್ಲ ಕಡೆ ಸುಳಿ ಹಾಕುವುದು ಬೇಡ. ವ್ಯಾನ್ ಗಾಗ್ ಎಂದರೆ ಸುಳಿ ಎಂದು ಆ್ಯಪ್‌ಗಳು ತೀರ್ಮಾನಿಸಿಬಿಟ್ಟಿವೆ. ಈ ಚಿತ್ರದಲ್ಲಿ ಸುಳಿಯೇ ಇಲ್ಲ.

## ಹಂತ 9: ಮುದ್ರಣಕ್ಕೆ ಕೊಡುವ ಮುನ್ನ

12×18 ಇಂಚಿಗೆ ಇಂಚೊಂದಕ್ಕೆ 200 ಪಿಕ್ಸೆಲ್ ಲೆಕ್ಕದಲ್ಲಿ 2400×3600 ಸಾಕು, ಗೀಟಿನ ಚಿತ್ರಕ್ಕೆ 300ರ ಹಟ ಬೇಡ. ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣವ್ಯವಸ್ಥೆಯಲ್ಲಿ ಉಳಿಸಿ, ಹೊಳಪಿಲ್ಲದ ಕಾಗದ ಕೇಳಿ. ಕ್ಯಾನ್ವಾಸ್ ಬಟ್ಟೆಯ ಮೇಲೆ ಮುದ್ರಿಸುವುದಾದರೆ ಗಿಂಪ್‌ನ ‘ಅಪ್ಲೈ ಕ್ಯಾನ್ವಾಸ್’ ಫಿಲ್ಟರ್ ಹಾಕಲೇಬಾರದು. ಬಟ್ಟೆಯ ನೇಯ್ಗೆಯ ಮೇಲೆ ಇನ್ನೊಂದು ಸುಳ್ಳು ನೇಯ್ಗೆ ಕುಳಿತು ಚಿತ್ರ ಗೋಣಿಚೀಲದಂತೆ ಕಾಣುತ್ತದೆ. ಕಾಗದಕ್ಕಾದರೆ ಆಳ 2 ಇಟ್ಟು ಹಾಕಬಹುದು.

ಮುದ್ರಿಸುವವರಿಗೆ ‘ಬಣ್ಣ ತಿದ್ದಬೇಡಿ’ ಎಂದು ಬಾಯಿಬಿಟ್ಟು ಹೇಳಿ. ನಾನು ಹೇಳದೆ ಕೊಟ್ಟಿದ್ದ ಒಂದು ಚಿತ್ರದಲ್ಲಿ ಯಾರೋ ಪುಣ್ಯಾತ್ಮರು ಮಂಕಾಗಿದೆಯೆಂದು ತಿಳಿದು ನೆರಳನ್ನೆಲ್ಲ ಕಪ್ಪು ಮಾಡಿ, ತೋಟಕ್ಕೆ ಹಸಿರು ತುಂಬಿಕೊಟ್ಟಿದ್ದರು. ಐದನೇ ಹಂತದ ನಾಲ್ಕು ಗಂಟೆಯ ಕೆಲಸ ನೀರಿಗೆ ಹೋಯಿತು.

ಹಕ್ಕಿನ ವಿಷಯ ಒಂದು ಮಾತು. ಭಾರತದಲ್ಲಿ ಚಿತ್ರಕಾರ ತೀರಿಕೊಂಡ ನಂತರ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಹೊಕುಸಾಯ್ 1849ರಲ್ಲಿ, ಟರ್ನರ್ 1851ರಲ್ಲಿ, ವ್ಯಾನ್ ಗಾಗ್ 1890ರಲ್ಲಿ, ಮೋನೆ 1926ರಲ್ಲಿ ತೀರಿಕೊಂಡವರು, ಹಾಗಾಗಿ ಅವರ ಕೃತಿಗಳಿಂದ ಬಣ್ಣ ಎತ್ತಿಕೊಳ್ಳಲು ಅಡ್ಡಿಯಿಲ್ಲ. ಅವರ ಸಹಿಯನ್ನು ಮಾತ್ರ ಮೂಲೆಯಲ್ಲಿ ನಕಲು ಮಾಡಬೇಡಿ, ಅದು ಅನುಕರಣೆಯ ಗಡಿ ದಾಟಿದ ಕೆಲಸ.

ದೊಡ್ಡ ಪ್ರತಿಗೆ ಮೊದಲು 4×6 ಇಂಚಿನ ಒಂದು ಪ್ರತಿ ತೆಗೆಸಿ, ಹಗಲಿನಲ್ಲಿ ಕಿಟಕಿಯ ಪಕ್ಕ, ರಾತ್ರಿ ಮನೆಯ ದೀಪದ ಕೆಳಗೆ ನೋಡಿ. ರಾತ್ರಿ ನೇರಳೆ ಪೂರ್ತಿ ಕಂದಾಗಿ ಕಂಡರೆ ಆರನೇ ಹಂತದಲ್ಲಿ ನೀಲಿ ಇನ್ನೈದು ಏರಿಸಿ ಮತ್ತೊಂದು ಚಿಕ್ಕ ಪ್ರತಿ ತೆಗೆಸಿ.